ಸುಂಕದ ಕಟ್ಟೆಯ ಈಚೆಗೆ

ಅಂತರ್ಜಾಲದ ಲಿಲಾವಿನಲ್ಲಿ ಹಳೆಯ ಬಿದರಿ ಸಾಮಾನುಗಳನ್ನು ಮಾರಾಟಕ್ಕಿಡುವವರ ವಿವರಣೆಗಳನ್ನು ಓದುತ್ತ ಹೋದರೆ, ಹುಕ್ಕಾದ ಬುಡದ ಎತ್ತರವೆಷ್ಟು, ತೂಕವೆಷ್ಟು, ಬೆಳ್ಳಿಯ ಎಸಳು ಎಲ್ಲೆಲ್ಲಿ ಎದ್ದುಹೋಗಿದೆ, ತಳದಲ್ಲಿ ತಗ್ಗು ಬಿದ್ದಿರುವುದೆಲ್ಲಿ ಎಂಬುದನ್ನೆಲ್ಲ ಪ್ರಾಮಾಣಿಕವಾಗಿ ನಿವೇದಿಸಿದ ತರುವಾಯ, ಕಟ್ಟಕಡೆಯ ಸಾಲಿನಲ್ಲಿ ಭಾರತದೊಳಗಲ್ಲದೆ ಬೇರೆಲ್ಲಿಗೂ ಕಳುಹಿಸುವುದಿಲ್ಲವೆಂಬ ಷರತ್ತೊಂದು ಎದುರಾಗುವುದುಂಟು. ಪಶ್ಚಿಮ ದೇಶಗಳ ಸಂಗ್ರಾಹಕರಿಗೆ ಇದು ಅರ್ಥವಾಗದ ಹಟವಾಗಿ ತೋರುತ್ತದೆ. ಹಣ ಮುಂಗಡವಾಗಿ ಕೊಡುತ್ತೇವೆ, ಸಾಗಣೆಯ ವೆಚ್ಚವನ್ನೂ ನಾವೇ ಭರಿಸುತ್ತೇವೆ, ಮತ್ತೇಕೆ ಈ ಸಂಕೋಚ ಎಂದು ಅವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಇದೇ ಜಾತಿಯ ಪಾತ್ರೆಗಳು 1851ರಷ್ಟು ಹಿಂದೆಯೇ ಲಂಡನ್ನಿನ ಮಹಾಪ್ರದರ್ಶನದಲ್ಲಿ ಮೆರೆದು, ಅಲ್ಲಿಯ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ ಗಾಜಿನ ಕಪಾಟುಗಳಲ್ಲಿ ಇಂದಿಗೂ ಕುಳಿತಿರುವಾಗ, ಕಡಲಾಚೆಯ ಲೋಕವೇನೂ ಬೀದರಕ್ಕೆ ಅಪರಿಚಿತವೆಂದು ಹೇಳುವಂತಿಲ್ಲ. ಆದರೆ ವಸ್ತು ಕಡಲು ದಾಟಿದ್ದು ಒಂದು ಸಂಗತಿ. ಅದನ್ನು ದಾಟಿಸುವ ಹೊಣೆಯನ್ನು ಹೊತ್ತವರು ಯಾರು ಎಂಬುದು ಇನ್ನೊಂದು. ಈ ಎರಡನೆಯದನ್ನು ವಿಚಾರಿಸದೆ ಮಾರಾಟಗಾರನನ್ನು ಪುಕ್ಕಲನೆಂದು ಕರೆಯುವುದು ಅನ್ಯಾಯವಾದೀತು.

ಬಹಮನಿ ಸುಲ್ತಾನ ಅಹ್ಮದ್ ಶಾಹನು ಹದಿನೈದನೆಯ ಶತಮಾನದ ಮೂರನೆಯ ದಶಕದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದಮೇಲೆ, ಇರಾನದ ಕುಶಲಕರ್ಮಿಗಳೂ ವರ್ತಕರೂ ದಾಭೋಲ, ಚೌಲ ಮೊದಲಾದ ಕೊಂಕಣದ ರೇವುಗಳಲ್ಲಿ ಇಳಿದು, ಘಟ್ಟವನ್ನೇರಿ, ಈ ಕೆಂಪುಕಲ್ಲಿನ ಪ್ರಸ್ಥಭೂಮಿಗೆ ಬರತೊಡಗಿದರು. ಅವರಲ್ಲಿ ಅಗ್ರಗಣ್ಯನು ಮಹಮೂದ್ ಗವಾನ್. 1453ರಲ್ಲಿ ವರ್ತಕನಾಗಿ ಬಂದವನು ರಾಜ್ಯದ ಪ್ರಧಾನಿಯಾದನು. 1472ರಲ್ಲಿ ಮದರಸೆಯನ್ನು ಕಟ್ಟಿಸಿದನು. 1481ರಲ್ಲಿ, ಸುಳ್ಳು ಪತ್ರವೊಂದನ್ನು ಸೃಷ್ಟಿಸಿದವರ ಪಿತೂರಿಗೆ ಬಲಿಯಾಗಿ, ಸುಲ್ತಾನನ ಆಜ್ಞೆಯಿಂದಲೇ ತಲೆಯನ್ನೊಪ್ಪಿಸಿದನು. ಪ್ರಧಾನಿಯ ಪದವಿಯಲ್ಲಿದ್ದಾಗಲೂ ಆತನು ವ್ಯಾಪಾರವನ್ನು ಬಿಡಲಿಲ್ಲವೆಂಬುದಕ್ಕೆ ಸಾಕ್ಷ್ಯವಿರುವುದು ಬೀದರದಲ್ಲಿ ಅಲ್ಲ, ಆಟೋಮನ್ ತುರ್ಕರ ಬುರ್ಸಾ ನಗರದ ಖಾಜಿಯ ದಫ್ತರಗಳಲ್ಲಿ: 1480ರ ಆಸುಪಾಸಿನಲ್ಲಿ ಆತನ ಗುಮಾಸ್ತರು ಹಿಂದುಸ್ಥಾನದ ಬಟ್ಟೆಗಳನ್ನು ಅಲ್ಲಿ ಮಾರುತ್ತಿದ್ದರೆಂದು ಅವು ಹೇಳುತ್ತವೆ. ಗಮನಿಸಬೇಕಾದುದು ಇಷ್ಟೇ: ಗವಾನನು ಸರಕನ್ನು ಅಪರಿಚಿತರ ಕೈಗೆ ಕೊಟ್ಟು ದೇವರ ಮೇಲೆ ಭಾರ ಹಾಕಿ ಕೂತವನಲ್ಲ, ಸರಕಿನ ಸಂಗಡ ತನ್ನವರನ್ನು ಕಳುಹಿಸಿದನು, ಹೋದವರು ಸುಂಕ ತೆತ್ತು, ಚೌಕಾಸಿ ಮಾಡಿ, ತಕರಾರು ಬಂದರೆ ಅಲ್ಲಿಯ ಖಾಜಿಯೆದುರು ನಿಂತು ಉತ್ತರ ಹೇಳಬಲ್ಲವರಾಗಿದ್ದರು. ದೂರದೇಶದ ವ್ಯಾಪಾರಕ್ಕೆ ಬೇಕಾದ ಬಂಡವಾಳ, ಅಧಿಕಾರ, ಪರಿವಾರ ಮೂರೂ ಆತನಲ್ಲಿದ್ದವು.

ಇವು ಮೂರೂ ಇಲ್ಲದವನ ಗತಿಯೇನೆಂಬುದನ್ನು ತಿಳಿಯಬೇಕಾದರೆ ಅದೇ ಕಾಲದಲ್ಲಿ ಬೀದರಕ್ಕೆ ಬಂದ ಮತ್ತೊಬ್ಬ ವರ್ತಕನ ಕಥೆಯನ್ನು ಕೇಳಬೇಕು. ರಷ್ಯದ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನ್, ವೋಲ್ಗಾ ನದಿಯ ದಾರಿಯಲ್ಲಿಯೇ ದರೋಡೆಗೆ ಸಿಕ್ಕಿ ಸರಕನ್ನು ಕಳೆದುಕೊಂಡು, ಉಳಿದ ಆಸೆಯನ್ನೆಲ್ಲ ಒಂದು ಕುದುರೆಯ ಮೇಲೆ ಹೂಡಿ, ಅದನ್ನು ಹಡಗಿನಲ್ಲಿ ಚೌಲಕ್ಕೆ ತಂದನು. ಜುನ್ನರದಲ್ಲಿ ಅಲ್ಲಿಯ ಅಧಿಕಾರಿ ಆ ಕುದುರೆಯನ್ನು ಕಿತ್ತುಕೊಂಡು, ಮತಾಂತರವಾದರೆ ಕುದುರೆಯ ಜತೆಗೆ ಹಣವನ್ನೂ ಕೊಡುವೆನೆಂದೂ ಇಲ್ಲವಾದರೆ ಎರಡನ್ನೂ ವಸೂಲು ಮಾಡುವೆನೆಂದೂ ಬೆದರಿಸಿದನು. ಖೊರಾಸಾನದ ಒಬ್ಬ ಸಜ್ಜನನು ನಡುವೆ ಬಂದು ಬಿಡಿಸಿದನು. ಕುದುರೆಯ ಮೇವಿಗೇ ಕೈಯಲ್ಲಿದ್ದುದನ್ನು ಕರಗಿಸುತ್ತ ಬೀದರಕ್ಕೆ ಬಂದು ಅದನ್ನು ಮಾರಿದ ಮೇಲೆ, ಇಲ್ಲಿಂದ ತನ್ನ ದೇಶಕ್ಕೆ ಏನನ್ನು ಒಯ್ಯಬಹುದೆಂದು ಆತನು ಪೇಟೆಯನ್ನೆಲ್ಲ ಅಲೆದನು. ಆಗ ಬರೆದಿಟ್ಟುಕೊಂಡ ಮಾತು, ಇಂದಿನ ಯಾವ ಮಾರಾಟಗಾರನೂ ಒಪ್ಪುವಂಥದು: ಮೆಣಸು, ಬಣ್ಣಗಳು ಇಲ್ಲಿ ಅಗ್ಗವೇ, ಸಮುದ್ರದ ದಾರಿಯಲ್ಲಿ ಸುಂಕವಿಲ್ಲದೆ ಸಾಗಿಸುವ ಭಾಗ್ಯವಂತರೂ ಉಂಟು, ಆದರೆ ನಮಗೆ ಆ ರಿಯಾಯಿತಿ ಇಲ್ಲ, ಸುಂಕ ವಿಪರೀತ, ಸಮುದ್ರದ ಮೇಲೆ ಕಳ್ಳರ ಕಾಟ ಬೇರೆ. ಅಗ್ಗವಾಗಿ ಸಿಕ್ಕ ಸರಕು, ಅದನ್ನು ಬಯಸುವ ದೂರದ ಗಿರಾಕಿ, ಇವೆರಡರ ನಡುವೆ ಒಯ್ಯುವವನ ಲಾಭವನ್ನು ನುಂಗುವ ಸುಂಕ ಮತ್ತು ಭಯ. ಐನೂರೈವತ್ತು ವರ್ಷಗಳ ಹಿಂದೆ ಬೀದರದ ಪೇಟೆಯಲ್ಲಿ ನಿಂತು ಒಬ್ಬನು ಹಾಕಿದ ಲೆಕ್ಕವಿದು. ನಿಕಿತಿನ್ ಬರಿಗೈಯಲ್ಲಿ ಹೊರಟು, ಊರು ಮುಟ್ಟುವ ಮೊದಲೇ ದಾರಿಯಲ್ಲಿ ತೀರಿಕೊಂಡನು. ಆತನ ಪ್ರವಾಸಕಥನ ಮಾತ್ರ ಊರು ಸೇರಿತು.

ಇನ್ನು ಬಿದರಿಯ ಮಾತು. ಹದಿನಾರು ಭಾಗ ಸತುವಿಗೆ ಒಂದು ಭಾಗ ತಾಮ್ರ ಬೆರೆಸಿ ಕರಗಿಸುತ್ತಾರೆ. ಹರಳೆಣ್ಣೆ, ರಾಳ ಬೆರೆತ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಹೊರಬಂದ ಪಾತ್ರೆಯನ್ನು ಅರದಿಂದ ಉಜ್ಜಿ ನಯಗೊಳಿಸಿ, ಗೆರೆ ಕಾಣಲೆಂದು ಮೈಲುತುತ್ತದ ನೀರನ್ನು ಬಳಿದು ತಾತ್ಕಾಲಿಕವಾಗಿ ಕಪ್ಪು ಮಾಡಿಕೊಂಡು, ಚೂಪಾದ ಉಳಿಯಿಂದ ಬಳ್ಳಿ, ಹೂ, ಜಾಲರಿಗಳನ್ನು ಕೊರೆಯುತ್ತಾರೆ. ಕೊರೆದ ಸಣ್ಣ ಕಾಲುವೆಯೊಳಗೆ ಬೆಳ್ಳಿಯ ತಂತಿಯನ್ನೋ ತಗಡಿನ ಚೂರನ್ನೋ ಇಟ್ಟು ಹಗುರಾಗಿ ಬಡಿದು ಕೂಡಿಸುವುದು ಮುಂದಿನ ಕೆಲಸ. ಇಲ್ಲಿ ಅಂಟಿಲ್ಲ, ಬೆಸುಗೆಯಿಲ್ಲ, ಬೆಳ್ಳಿಯು ತನ್ನ ಬಿಗಿಯಿಂದಲೇ ನಿಲ್ಲತಕ್ಕದ್ದು. ಕಡೆಗೆ, ಕೋಟೆಯ ಹಳೆಯ ಕಟ್ಟಡಗಳೊಳಗೆ ಬಿಸಿಲು ಮಳೆ ತಾಕದೆ ಉಳಿದ ಮಣ್ಣನ್ನು ತಂದು, ನಾಲಿಗೆಯ ತುದಿಗಿಟ್ಟು ಅದರ ಖಾರವನ್ನು ಪರೀಕ್ಷಿಸಿ, ನವಸಾಗರದೊಂದಿಗೆ ನೀರಿನಲ್ಲಿ ಕುದಿಸಿ, ಪಾತ್ರೆಯನ್ನು ಅದರಲ್ಲಿ ಅದ್ದಿದರೆ, ಸತುವಿನ ಮೈಯೆಲ್ಲ ಕಾಡಿಗೆಯಾಗಿ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಎಣ್ಣೆ ಸವರಿ ಒರೆಸಿದರೆ ಕೆಲಸ ಮುಗಿಯಿತು. 2006ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯನ್ನೂ, 2023ರಲ್ಲಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರ ಮೂಲಕ ಪದ್ಮಶ್ರೀಯನ್ನೂ ಪಡೆದ ಕಲೆ ಇದು.

ಈ ವಿಧಾನವನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಸತುವು ಪೆಡಸು ಲೋಹ. ಎತ್ತರದಿಂದ ಬಿದ್ದರೆ ತಾಮ್ರದ ಬಿಂದಿಗೆಯಂತೆ ನೆಗ್ಗಿ ಉಳಿಯುವ ಬದಲು ಸೀಳಿಬಿಡಬಹುದು. ಬಿಗಿಯ ಬಲದಿಂದಲೇ ಕೂತಿರುವ ಬೆಳ್ಳಿ, ಪೆಟ್ಟಿಗೆ ಮಗುಚಿ ಬಿದ್ದಾಗ ಒಂದು ಎಸಳನ್ನಾದರೂ ಕಳೆದುಕೊಳ್ಳಬಹುದು. ತೇವಕ್ಕೆ ಬಹಳ ದಿನ ಒಡ್ಡಿದರೆ ಕಪ್ಪು ಮಾಸುತ್ತದೆ. ಗಾತ್ರಕ್ಕೆ ಮೀರಿದ ತೂಕ ಬೇರೆ. ತೂಕದ ಮೇಲೆ ದರ ಕಟ್ಟುವ ಸಾಗಣೆಯವನಿಗೆ ಇದಕ್ಕಿಂತ ಪ್ರಿಯವಾದ ಸರಕಿಲ್ಲ. ಬೀದರದ ಚೌಬಾರದ ಸುತ್ತಿನ ಓಣಿಗಳಲ್ಲಿ ಮಾಡಿದ ಪಾನದಾನ, ಪೀಕದಾನಿ, ಸುರಾಹಿಗಳು ಹೈದರಾಬಾದಿನ ನವಾಬರ ಮನೆಗಳಿಗೂ, ಮದುವೆಯ ಸಾಮಾನಿನೊಳಗೂ ಹೋಗುತ್ತಿದ್ದಾಗ, ಹುಲ್ಲಿನಲ್ಲಿ ಸುತ್ತಿ ಒಯ್ಯುವ ಹೊಣೆ ಸೌದಾಗರನದಾಗಿತ್ತು. ಕೆಲಸಗಾರನು ತನ್ನ ಕೈಯಿಂದ ಪಾತ್ರೆಯನ್ನು ಬಿಟ್ಟ ಕ್ಷಣವೇ ಅವನ ಋಣ ತೀರುತ್ತಿತ್ತು. ಲಾಭದ ದೊಡ್ಡ ಪಾಲು ಸೌದಾಗರನಿಗೆ ಹೋಗುತ್ತಿತ್ತೆಂದು ನಾವು ಇಂದು ಮರುಗುತ್ತೇವೆ, ಮರುಗಬೇಕಾದದ್ದೇ. ಆದರೆ ನಷ್ಟದ ದೊಡ್ಡ ಪಾಲೂ ಅವನದೇ ಆಗಿತ್ತೆಂಬುದನ್ನು, ಮಧ್ಯವರ್ತಿಯನ್ನು ನಿಂದಿಸುವ ಉತ್ಸಾಹದಲ್ಲಿ, ಮರೆಯುತ್ತೇವೆ.

ಹೊರದೇಶವೆಂದರೆ ಆಗ ಇಂಗ್ಲೆಂಡೇ ಆಗಬೇಕಿರಲಿಲ್ಲ. ನಿಜಾಮರ ರಾಜ್ಯದ ಬೀದರ ಜಿಲ್ಲೆಯವನಿಗೆ ಮುಂಬಯಿ ಪ್ರಾಂತದ ಸೊಲ್ಲಾಪುರವೇ ಪರರಾಜ್ಯ. ಈಸ್ಟ್ ಇಂಡಿಯಾ ಕಂಪನಿಗೂ ನಿಜಾಮರಿಗೂ 1802ರಲ್ಲಿ ಆದ ವಾಣಿಜ್ಯ ಕೌಲಿನಿಂದ, ಒಬ್ಬರ ಸೀಮೆಯಿಂದ ಇನ್ನೊಬ್ಬರ ಸೀಮೆಗೆ ಬರುವ ಸರಕಿನ ಮೇಲೆ ನೂರಕ್ಕೆ ಐದರಂತೆ ಸುಂಕವು ಗೊತ್ತಾಯಿತು. ಅದನ್ನು ವಸೂಲು ಮಾಡುವ ಕರೋಡಗಿರಿ ನಾಕೆಗಳು ಗಡಿಯ ದಾರಿಗಳಲ್ಲೆಲ್ಲ ಕೂತವು. ರಜಾಕಾರರ ಹಾವಳಿಯ ದಿನಗಳಲ್ಲಿ, ಗಡಿಯಾಚೆಯ ಶಿಬಿರಗಳಲ್ಲಿದ್ದ ವಿಮೋಚನಾ ಹೋರಾಟಗಾರರು ಹುಡುಕಿ ಹುಡುಕಿ ಈ ನಾಕೆಗಳ ಮೇಲೆ ದಾಳಿ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ. ಸರಕಾರವೆಂಬುದು ಹಳ್ಳಿಗನ ಕಣ್ಣಿಗೆ ನಿತ್ಯವೂ ಬೀಳುತ್ತಿದ್ದುದು ಅಲ್ಲಿಯೇ. ನಾಣ್ಯವೂ ಬೇರೆ: ನಿಜಾಮರ ಏಳು ಹಾಲಿ ಸಿಕ್ಕಾ ರೂಪಾಯಿಗೆ ಬ್ರಿಟಿಷರ ಹೆಚ್ಚು ಕಡಮೆ ಆರು ಕಲ್ದಾರ್ ರೂಪಾಯಿ ಎಂಬ ವಿನಿಮಯದಲ್ಲಿ, ಲೆಕ್ಕ ಬಾರದವನ ಕಾಸು ಸಾಹುಕಾರನ ಗಲ್ಲೆಯಲ್ಲಿ ಉಳಿಯುತ್ತಿತ್ತು. ಅಂಚೆಯೂ ಬೇರೆ: 1869ರಿಂದ ನಿಜಾಮ ಸರಕಾರಕ್ಕೆ ತನ್ನದೇ ಅಂಚೆಚೀಟಿಗಳಿದ್ದವು, ಅವು ರಾಜ್ಯದೊಳಗಿನ ಓಲೆಗೆ ಸಲ್ಲುತ್ತಿದ್ದುವೇ ಹೊರತು ಗಡಿಯಾಚೆಗೆ ಬರೆಯುವವನು ಬ್ರಿಟಿಷರ ಅಂಚೆಯ ಮೊರೆ ಹೋಗಬೇಕಿತ್ತು. 1950ರ ಏಪ್ರಿಲಿನಲ್ಲಿ ನಿಜಾಮರ ಅಂಚೆಯು ಭಾರತದ ಅಂಚೆಯಲ್ಲಿ ಲೀನವಾಯಿತು. ಮೂರು ಬಗೆಯ ಗಡಿಗಳನ್ನು ಹೀಗೆ ಮನೆಯಂಗಳದಲ್ಲೇ ಕಂಡ ಸೀಮೆಯ ಜನರಿಗೆ, ಗಡಿ ದಾಟಿಸುವ ವ್ಯವಹಾರವೆಂದರೆ ಅದಕ್ಕೆಂದೇ ಇರುವವರ ಕಸುಬು ಎಂಬ ಭಾವನೆ ಬಲವಾದುದು ಸಹಜವೇ.

ಈ ಗಡಿಗಳ ನಡುವೆಯೇ 1930ರ ಸುಮಾರಿಗೆ ವಿಕಾರಾಬಾದಿನಿಂದ ಬೀದರಕ್ಕೂ, ಅಲ್ಲಿಂದ ಮುಂದೆ ಭಾಲ್ಕಿಯ ಮೇಲೆ ಪರಳಿಗೂ ರೈಲು ಬಂದಿತು. ಬೀದರ ಜಿಲ್ಲೆಯ ಔರಾದ ಪಟ್ಟಣಕ್ಕೆ ಹಳಿ ಒದಗಲಿಲ್ಲ. ಆ ತಾಲೂಕಿನ ಕಮಲನಗರವನ್ನು ಸವರಿಕೊಂಡು ಅದು ಉದಗೀರದತ್ತ ಸಾಗಿತು. 1956ರಲ್ಲಿ ಭಾಷಾವಾರು ಪುನರ್ವಿಂಗಡಣೆಯಾದಾಗ ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಕ್ಕೂ ಹೋಗಿ, ಬೀದರ, ಭಾಲ್ಕಿ, ಔರಾದಗಳು ಹುಮನಾಬಾದಿನೊಡನೆ ಮೈಸೂರಿನ ಕಡೆಗೆ ಉಳಿದವು. ಔರಾದವು ಕನ್ನಡ ನಾಡಿನ ಉತ್ತರದ ತುತ್ತತುದಿ ತಾಲೂಕಾಯಿತು. ರೇಖೆ ಎಳೆದರೂ ದೇವಣಿ ಎತ್ತುಗಳ ವ್ಯಾಪಾರ ರೇಖೆಯನ್ನು ಲೆಕ್ಕಿಸಲಿಲ್ಲ. ಔರಾದದ ಅಮರೇಶ್ವರನ ಜಾತ್ರೆಗೆ ಬಂದ ಮರಾಠಿ ರೈತನೂ ಕನ್ನಡದ ರೈತನೂ, ದಲಾಲನ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವಾಗ, ಭಾಷೆಯ ಅಗತ್ಯವೇ ಬೀಳುತ್ತಿರಲಿಲ್ಲ.

ಲಿಲಾವೆಂಬುದು ಈ ಸೀಮೆಗೆ ಹೊಸತಲ್ಲವೆಂಬುದಕ್ಕೆ ಭಾಲ್ಕಿಯ ಅಡತಿ ಅಂಗಡಿಗಳೇ ಸಾಕ್ಷಿ. ನಿಜಾಮರ ಕಾಲದಲ್ಲಿ 1930ರಲ್ಲೇ ಕೃಷಿ ಮಾರುಕಟ್ಟೆಗಳಿಗೆ ಕಾಯಿದೆಯಾಯಿತು. ನಮ್ಮ ರಾಜ್ಯದ್ದು 1966ರದು. ತೊಗರಿಯ ರಾಶಿ ಅಂಗಡಿಯ ಮುಂದೆ ಸುರಿದಿರುತ್ತದೆ. ಖರೀದಿದಾರನು ರಾಶಿಯ ಒಡಲೊಳಗೆ ಕೈ ತೂರಿಸಿ, ಮೇಲಿನ ಕಾಳಿಗೂ ತಳದ ಕಾಳಿಗೂ ವ್ಯತ್ಯಾಸವುಂಟೋ ನೋಡಿ, ಒಂದೆರಡನ್ನು ಹಲ್ಲಿನಿಂದ ಕಡಿದು ಹಸಿಯೋ ಒಣಗಿದೆಯೋ ಎಂದು ಪರೀಕ್ಷಿಸಿ, ಆಮೇಲೆ ಸವಾಲಿಗೆ ನಿಲ್ಲುತ್ತಾನೆ. ದರ ಕಡಿದ ಮೇಲೆ ತೂಕ. ಹಮಾಲನು ಚೀಲ ಹೊಲಿದು ಗಾಡಿಗೇರಿಸುತ್ತಾನೆ. ದಲಾಲಿ, ಹಮಾಲಿ ಕಳೆದು ಪಟ್ಟಿ ಕೈಗೆ ಬಂದರೆ ರೈತನ ಪಾತ್ರ ಸಮಾಪ್ತ. ಆ ತೊಗರಿ ಮುಂದೆ ಎಲ್ಲಿ ಬೇಳೆಯಾಗಿ ಯಾವ ಊರಿನ ಸಾರಿಗೆ ಸೇರಿತೋ, ದಾರಿಯಲ್ಲಿ ನೆನೆಯಿತೋ, ಅದರ ವಿಚಾರವನ್ನು ಯಾರೂ ಅವನ ಹಳ್ಳಿಗೆ ಬಂದು ಕೇಳುವುದಿಲ್ಲ. ನೋಡಿ ಕೊಂಡದ್ದು, ತೂಗಿ ಒಯ್ದದ್ದು, ವಾದಕ್ಕೆ ಎಡೆಯಿಲ್ಲ. ಹರಾಜಿನ ಸಕಲ ನೀತಿಯೂ ಸರಕು, ಕೊಳ್ಳುವವನು, ಕೊಡುವವನು ಮೂವರೂ ಒಂದೇ ಅಂಗಳದಲ್ಲಿರುವುದರ ಮೇಲೆ ನಿಂತಿತ್ತು.

ಅಂಗಳವನ್ನು ತೆಗೆದುಹಾಕಿದ್ದೇ ಅಂತರ್ಜಾಲದ ಲಿಲಾವಿನ ಪವಾಡ, ಅದರ ಗಂಡಾಂತರವೂ ಅದೇ. ಅಮೆರಿಕದಲ್ಲಿ 1995ರಲ್ಲಿ ಹುಟ್ಟಿದ ಇಬೇ, 2004ರಲ್ಲಿ ನಮ್ಮ ಬಾಜೀ ಡಾಟ್ ಕಾಮನ್ನು ಕೊಂಡು ಭಾರತಕ್ಕೆ ಬಂದು, 2018ರಲ್ಲಿ ಇಲ್ಲಿಯ ಅಂಗಡಿಯನ್ನು ಮುಚ್ಚಿತು. ಬೇರೆ ತಾಣಗಳು ಅದರ ಜಾಗಕ್ಕೆ ಬಂದವು. ದೇಶದೊಳಗಿನ ಮಟ್ಟಿಗೆ ಈ ವ್ಯಾಪಾರದ ಕಷ್ಟವನ್ನು ನಮ್ಮ ಅಂಚೆ ಬಹು ಹಿಂದೆಯೇ ಪರಿಹರಿಸಿತ್ತು: 1877ರಲ್ಲಿ ಆರಂಭವಾದ ವಿ.ಪಿ. ಪದ್ಧತಿಯಲ್ಲಿ, ಅಂಚೆಯವನು ಕಟ್ಟನ್ನು ಕೊಟ್ಟು ಹಣ ಎಣಿಸಿಕೊಂಡು ಬರುವುದರಿಂದ, ಧಾರವಾಡದ ಪುಸ್ತಕದಂಗಡಿಯವನೂ ಬೀದರದ ಓದುಗನೂ ಪರಸ್ಪರ ಮುಖ ನೋಡದೆಯೇ ನಂಬಿಕೊಳ್ಳಬಹುದಾಗಿತ್ತು. ಹೊರದೇಶದ ಗಿರಾಕಿಯ ವಿಷಯದಲ್ಲಿ ಕ್ರಮ ತಲೆಕೆಳಗು. ಹಣ ಮೊದಲು ಬಂದಂತೆ ಕಾಣುತ್ತದೆ. ಆದರೆ ಅದು ಬಂದದ್ದಲ್ಲ. ಕಟ್ಟು ಮುಟ್ಟಲಿಲ್ಲವೆಂದೋ, ಚಿತ್ರದಲ್ಲಿದ್ದಂತೆ ಇಲ್ಲವೆಂದೋ ಆತನು ದೂರಿತ್ತರೆ ತಾಣದವರು ಹಣವನ್ನು ಹಿಂದಕ್ಕೆ ಸೆಳೆಯುತ್ತಾರೆ. ಕಾರ್ಡಿನ ಬ್ಯಾಂಕಿನ ಮುಖಾಂತರ ತಕರಾರು ಎತ್ತಿದರಂತೂ ತಿಂಗಳುಗಳ ಬಳಿಕವೂ ಹಣ ಮರಳಿ ಹೋಗಬಹುದು. ಕಟ್ಟು ಮುಟ್ಟಿತೆಂದು ಸಾಧಿಸುವ ಭಾರ ಮಾರಿದವನದು. ಅಗ್ಗದ ಅಂಚೆಯಲ್ಲಿ ಕಳುಹಿಸಿದರೆ ಅದರ ಜಾಡು ಎಷ್ಟೋ ವೇಳೆ ನಮ್ಮ ಗಡಿಯಲ್ಲಿಯೇ ನಿಂತುಹೋಗುತ್ತದೆ.

ಸುಂಕದ ಕಥೆ ಇನ್ನೂ ಸೂಕ್ಷ್ಮ. ಕಟ್ಟಿನ ಮೇಲೆ ವಸ್ತುವಿನ ಹೆಸರು, ತೂಕ, ಬೆಲೆಗಳನ್ನು ಬರೆದು ಸಹಿ ಮಾಡಿದ ಫಾರಂ ಇರಬೇಕು. ಆ ಸಹಿಯ ಹೊಣೆ ಕಳುಹಿಸಿದವನದು. ಕೊಳ್ಳುವವನು ಸಲುಗೆಯಿಂದ, ಉಡುಗೊರೆಯೆಂದು ಬರೆದುಬಿಡಿ, ಬೆಲೆಯನ್ನು ಕಾಲುಭಾಗಕ್ಕೆ ಇಳಿಸಿ ಎಂದು ಕೇಳುವುದು ಸರ್ವೇಸಾಮಾನ್ಯ. ಒಪ್ಪಿದರೆ ಸುಳ್ಳು ಘೋಷಣೆಯ ಅಪರಾಧ, ಜತೆಗೆ ಕಟ್ಟು ಕಳೆದುಹೋದರೆ ಪರಿಹಾರವೂ ಆ ಕಾಲುಭಾಗಕ್ಕೇ. ಒಪ್ಪದಿದ್ದರೆ ಗಿರಾಕಿಯ ಮುನಿಸು. ಅತ್ತ ಸುಂಕದ ಮೊತ್ತವನ್ನು ಕಂಡು ಬೆದರಿ ಆತನು ಕಟ್ಟನ್ನು ಬಿಡಿಸಿಕೊಳ್ಳದೆ ಹೋದರೆ, ಅದು ಮರಳಿ ಬರುವಾಗ ನಮ್ಮ ಸುಂಕದವರು ಅದನ್ನು ಆಮದೆಂದು ಎಣಿಸುತ್ತಾರೆ. ಇದು ಇಲ್ಲಿಂದಲೇ ಹೋದ ಸರಕೆಂದು ಕಾಗದಪತ್ರಗಳಿಂದ ತೋರಿಸುವ ಕೆಲಸ ಮತ್ತೆ ಮಾರಿದವನ ತಲೆಗೇ. ನಿಯಮಗಳಾದರೂ ಸ್ಥಿರವೇ? ಐರೋಪ್ಯ ಒಕ್ಕೂಟವು ಸಣ್ಣ ಕಟ್ಟುಗಳಿಗಿದ್ದ ತೆರಿಗೆಯ ವಿನಾಯಿತಿಯನ್ನು 2021ರ ಜುಲೈಯಲ್ಲಿ ತೆಗೆಯಿತು. ಅಮೆರಿಕವು 800 ಡಾಲರಿನವರೆಗಿನ ಕಟ್ಟುಗಳಿಗೆ ಕೊಟ್ಟಿದ್ದ ಮಾಫಿಯನ್ನು 2025ರ ಆಗಸ್ಟ್ 29ರಂದು ರದ್ದು ಮಾಡಿತು; ಸುಂಕವನ್ನು ಯಾರು, ಹೇಗೆ ವಸೂಲು ಮಾಡಬೇಕೆಂಬುದು ಸ್ಪಷ್ಟವಾಗದೆ, ಭಾರತೀಯ ಅಂಚೆಯು ಆ ದೇಶಕ್ಕೆ ಹೋಗುವ ಕಟ್ಟುಗಳನ್ನು ಸ್ವೀಕರಿಸುವುದನ್ನೇ ಕೆಲವು ವಾರಗಳ ಕಾಲ ನಿಲ್ಲಿಸಬೇಕಾಯಿತು. ನಿಕಿತಿನ್ನನ ಕಾಲದ ಕಡಲುಗಳ್ಳರು ಈಗಿಲ್ಲ, ನಿಜ; ಆತನು ಲೆಕ್ಕ ಹಾಕಿದ ಸುಂಕವೂ ಭಯವೂ ಮಾತ್ರ ಉಳಿದಿವೆ.

ಸರಕಾರ ಕಣ್ಣು ಮುಚ್ಚಿ ಕೂತಿದೆಯೆಂದಲ್ಲ. ಅಂಚೆ ಇಲಾಖೆಯು ಇತ್ತೀಚಿನ ವರ್ಷಗಳಲ್ಲಿ ಡಾಕ್ ಘರ್ ನಿರ್ಯಾತ್ ಕೇಂದ್ರಗಳನ್ನು ತೆರೆದು, ಸಣ್ಣ ಊರಿನ ಕುಶಲಕರ್ಮಿಯೂ ರಫ್ತಿನ ಪತ್ರಗಳನ್ನು ಅಲ್ಲಿಯೇ ತುಂಬುವಂತೆ ಅನುಕೂಲ ಮಾಡಿದೆ. ಹೊಸದಾಗಿ ತಯಾರಿಸಿದ ಬಿದರಿಗೆ ಅದು ಉಪಕಾರಿಯೇ. ಆದರೂ ರಫ್ತಿನ ಸಂಕೇತ ಸಂಖ್ಯೆ ಪಡೆದು, ಬ್ಯಾಂಕಿನ ಪತ್ರಗಳನ್ನು ಜೋಡಿಸಿ, ತೆರಿಗೆಯ ಮುಚ್ಚಳಿಕೆ ಬರೆದುಕೊಟ್ಟು ಒಂದು ಹೂದಾನಿಯನ್ನು ಕಳುಹಿಸುವ ಶ್ರಮ, ನೂರು ಹೂದಾನಿ ಕಳುಹಿಸುವವನಿಗೆ ಹಂಚಿಹೋಗುವಂತೆ ವರ್ಷಕ್ಕೆ ನಾಲ್ಕು ಮಾರುವವನಿಗೆ ಹಂಚಿಹೋಗುವುದಿಲ್ಲ. ಗವಾನನ ಗುಮಾಸ್ತನ ಕೆಲಸ, ಸೌದಾಗರನ ಕೆಲಸ, ಮುಂಬಯಿಯ ರಫ್ತುದಾರನ ಕೆಲಸ, ಇವಿಷ್ಟನ್ನೂ ಒಬ್ಬನೇ ಮನುಷ್ಯನು ಸಂಜೆ ಅಂಗಡಿ ಮುಚ್ಚಿದ ಮೇಲೆ ಮಾಡತಕ್ಕದ್ದೆಂದು ಈ ಯುಗ ನಿರೀಕ್ಷಿಸುತ್ತದೆ. ಅವನು ನಿರಾಕರಿಸಿದರೆ ಅದು ಅಳತೆ ತಿಳಿದವನ ನಿರಾಕರಣೆಯೆಂದೇ ನನ್ನ ಮತ.

ಹಳೆಯ ಬಿದರಿಗಾದರೋ ಹೊರದೇಶದ ಬಾಗಿಲೇ ಇಲ್ಲ. 1947ರಲ್ಲಿಯೇ ಪ್ರಾಚೀನ ವಸ್ತುಗಳ ರಫ್ತಿಗೆ ಹತೋಟಿ ಬಂದಿತು. ಅದರ ಸ್ಥಾನಕ್ಕೆ ಬಂದ 1972ರ ಪ್ರಾಚೀನ ವಸ್ತುಗಳ ಮತ್ತು ಕಲಾನಿಧಿಗಳ ಅಧಿನಿಯಮವು 1976ರ ಏಪ್ರಿಲಿನಿಂದ ಜಾರಿಯಲ್ಲಿದೆ. ನೂರು ವರ್ಷಕ್ಕೆ ಕಡಮೆಯಿಲ್ಲದ ಪಾತ್ರೆ, ನಾಣ್ಯ, ಶಿಲ್ಪಗಳನ್ನು ಕೇಂದ್ರ ಸರಕಾರ ಅಥವಾ ಅದರ ಅಧಿಕೃತ ಸಂಸ್ಥೆಯ ಹೊರತು ಇನ್ನಾರೂ ಹೊರದೇಶಕ್ಕೆ ಕಳುಹಿಸುವಂತಿಲ್ಲ; ಕಳುಹಿಸಿದವನಿಗೆ ಆರು ತಿಂಗಳಿಗೆ ಕಡಮೆಯಿಲ್ಲದ, ಮೂರು ವರ್ಷಗಳವರೆಗಿನ ಸೆರೆವಾಸ. ದೊಡ್ಡ ಹರಾಜು ಮನೆಗಳ ಪಟ್ಟಿಯಲ್ಲಿ ಇಂಥ ವಸ್ತುವಿನ ಕೆಳಗೆ ರಫ್ತಿಗೆ ಅರ್ಹವಲ್ಲವೆಂದು ಅಚ್ಚಾಗಿರುವುದು ಈ ಕಾರಣದಿಂದ. ಬೀದರದ ಟಂಕಸಾಲೆಯಲ್ಲಿ ಹೊಡೆದ ಬಹಮನಿ ತಾಮ್ರದ ಕಾಸು, ಭಾಲ್ಕಿಯ ಯಾವುದೋ ಮನೆಯ ಅಟ್ಟದಿಂದ ಇಳಿದ ಪಾನದಾನ, ಎರಡಕ್ಕೂ ಇದೇ ಕಟ್ಟಳೆ. ಪಾತ್ರೆ ನೂರು ವರ್ಷದ್ದಲ್ಲವೆಂದು ಪ್ರಮಾಣಪತ್ರ ಬೇಕಾದರೆ ಪುರಾತತ್ತ್ವ ಇಲಾಖೆಯ ತಜ್ಞರ ಮುಂದೆ ಅದನ್ನಿಡಬೇಕು. ಬಿದರಿಯ ಮೇಲೆ ತಾರೀಖು ಕೊರೆಯುವ ವಾಡಿಕೆ ವಿರಳವಾದುದರಿಂದ, ತೊಂಬತ್ತು ವರ್ಷದ್ದೋ ನೂರಹತ್ತು ವರ್ಷದ್ದೋ ಎಂಬುದು ಮನೆಯವರಿಗೇ ಗೊತ್ತಿರುವುದಿಲ್ಲ. ಸಂಶಯವಿರುವಲ್ಲಿ ಕಳುಹಿಸದಿರುವುದೇ ಮಾರಾಟಗಾರನು ಕಂಡುಕೊಂಡ ದಾರಿ.

ಹಾಗೆಂದು ವಿದೇಶದಲ್ಲಿರುವ ಗಿರಾಕಿಯನ್ನು ಎಲ್ಲರೂ ಬರಿಗೈಯಲ್ಲಿ ಕಳುಹಿಸುತ್ತಾರೆಂದು ತಿಳಿಯಬಾರದು. ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಇರುವ ನಂಟರ ವಿಳಾಸ ಕೊಟ್ಟರೆ ಅಲ್ಲಿಗೆ ತಲುಪಿಸುವುದಕ್ಕೆ ಮಾರಾಟಗಾರರ ಅಡ್ಡಿಯಿಲ್ಲ. ಸೌದಾಗರನ ಹಳೆಯ ಸ್ಥಾನದಲ್ಲಿ ಈಗ ಸೋದರಮಾವನೋ ಕಾಲೇಜಿನ ಗೆಳೆಯನೋ ನಿಲ್ಲುತ್ತಾನೆ. ಕಟ್ಟನ್ನು ಬಿಚ್ಚಿ, ಎಸಳುಗಳನ್ನು ಎಣಿಸಿ, ಸರಿಯಿದೆಯೆಂದು ತಿಳಿಸಿದ ಮೇಲೆ ಮಾರಿದವನ ಲೆಕ್ಕ ಮುಗಿಯುತ್ತದೆ. ಹೊಸ ಪಾತ್ರೆಯಾದರೆ ಅದು ಮುಂದೆ ಯಾರದೋ ಚೀಲದಲ್ಲಿ ಬಟ್ಟೆಗಳ ನಡುವೆ ಸುಖವಾಗಿ ವಿಮಾನವೇರುತ್ತದೆ. ನೂರು ದಾಟಿದ ಹುಕ್ಕಾ ಆದರೆ ಆ ನಂಟನೂ ಅದನ್ನು ತನ್ನ ಮನೆಯ ಕಪಾಟಿನಲ್ಲೇ ಇಟ್ಟುಕೊಳ್ಳಬೇಕು. 1972ರ ಅಧಿನಿಯಮವು ಅಂಚೆಯ ಕಟ್ಟಿಗೂ ಪ್ರಯಾಣಿಕನ ಪೆಟ್ಟಿಗೆಗೂ ಭೇದವೆಣಿಸುವುದಿಲ್ಲ.